ಗಿಡ ಬೆಳೆದರೆ ಸಾಲದು, ಹೂ ಬಿಡಬೇಕಲ್ಲ

ನನ್ನ ಮೊದಲ ಚೆಂಡುಹೂವಿನ ಗಿಡ ಸೊಂಟದೆತ್ತರ ಬೆಳೆದಿತ್ತು. ಕಡು ಹಸಿರು ಎಲೆ, ಹೆಬ್ಬೆರಳಿನ ದಪ್ಪದ ಕಾಂಡ. ನೋಡಿದವರೆಲ್ಲ ‘ಏನು ಹಾಕ್ತೀರಿ ಇದಕ್ಕೆ?’ ಅಂತ ಕೇಳುತ್ತಿದ್ದರು. ಹೂ ಎಷ್ಟು ಬಿಟ್ಟಿತ್ತು ಗೊತ್ತಾ? ಮೂರು. ಅದೂ ತೀರಾ ತಡವಾಗಿ. ನಾನು ವಾರವಾರವೂ ಗೊಬ್ಬರ ಸುರಿಯುತ್ತಿದ್ದೆ, ಗಿಡ ಎಲೆ ಬಿಟ್ಟುಕೊಂಡು ಆರಾಮವಾಗಿ ಕೂತಿತ್ತು.

ಗಿಡ ಬೆಳೆಸುವುದು ಒಂದು ಕೆಲಸ, ಅದರಿಂದ ಹೂ ಬಿಡಿಸುವುದು ಇನ್ನೊಂದು ಕೆಲಸ ಅಂತ ಆಗ ಗೊತ್ತಾಯಿತು. ನೀರು, ಮಣ್ಣು, ಗೊಬ್ಬರ ಸರಿಯಿದ್ದರೆ ಗಿಡ ಬೆಳೆಯುತ್ತದೆ. ಹೂವಿಗೆ ಇನ್ನೂ ಮೂರು ವಿಷಯ ನೋಡಬೇಕು: ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಕತ್ತರಿ ಎಷ್ಟು ಆಡುತ್ತದೆ, ಮತ್ತೆ ನಮ್ಮ ಕೈ ಎಷ್ಟು ತಡೆದುಕೊಳ್ಳುತ್ತದೆ. ಕೊನೆಯದೇ ಕಷ್ಟ. ಸುಮ್ನೆ ಇರುವುದು ನಮಗೆ ಬರುವುದಿಲ್ಲ ಅಲ್ವಾ?

ಮೊದಲು ಬಿಸಿಲು ಎಣಿಸಿ

ಗಿಡ ತರುವ ಮುಂಚೆ ಒಂದು ದಿನ ಜಾಗ ನೋಡಿ. ಬೆಳಿಗ್ಗೆ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಹೋಗಿ ನೆಲದ ಮೇಲೆ ನೇರ ಬಿಸಿಲು ಬಿದ್ದಿದೆಯಾ ಅಂತ ನೋಡಿ ಬರೆದಿಟ್ಟುಕೊಳ್ಳಿ. ‘ನಮ್ಮ ಬಾಲ್ಕನಿಯಲ್ಲಿ ಒಳ್ಳೆ ಬೆಳಕಿದೆ’ ಅನ್ನುವುದು ಬೇರೆ, ನೇರ ಬಿಸಿಲು ಬೀಳುವುದು ಬೇರೆ. ನಮ್ಮ ಕಣ್ಣು ಕಮ್ಮಿ ಬೆಳಕಿಗೂ ಹೊಂದಿಕೊಂಡುಬಿಡುತ್ತದೆ. ನಮಗೆ ಬೆಳಕಾಗಿ ಕಾಣುವ ಜಾಗ ಗಿಡಕ್ಕೆ ಮಬ್ಬುಗತ್ತಲೆ ಆಗಿರಬಹುದು. ಬಿಸಿಲಿನ ಕೋನ ವರ್ಷವಿಡೀ ಬದಲಾಗುತ್ತಲೂ ಇರುತ್ತದೆ, ಹಾಗಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಮತ್ತೆ ಎಣಿಸಬೇಕು.

ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಬಿಸಿಲು ಸಿಕ್ಕರೆ ನಿಮಗೆ ಗುಲಾಬಿ, ಚೆಂಡುಹೂ, ಝಿನ್ನಿಯಾ, ದಾಸವಾಳ, ದುಂಡುಮಲ್ಲಿಗೆ, ಸೂರ್ಯಕಾಂತಿ, ಬೋಗನ್‌ವಿಲ್ಲಾ ಎಲ್ಲವೂ ಸಾಧ್ಯ. ನಾಲ್ಕೈದು ಗಂಟೆ ಇದ್ದರೆ ಕನಕಾಂಬರ, ಕರ್ಣಕುಂಡಲ, ನಿತ್ಯಪುಷ್ಪ, ಪೆಟೂನಿಯಾ ನಡೆಯುತ್ತವೆ, ಹೂ ಸ್ವಲ್ಪ ಕಮ್ಮಿ ಬರಬಹುದು. ಎರಡು ಗಂಟೆಯ ಎಳೆ ಬಿಸಿಲಷ್ಟೇ ಬೀಳುವ ಜಾಗಕ್ಕೆ ಬಿಗೋನಿಯಾ, ಇಂಪೇಶನ್ಸ್, ಆಂಥೂರಿಯಂ. ಅಲ್ಲಿ ಗುಲಾಬಿ ಇಟ್ಟು ಹೂವಿಗೆ ಕಾಯುತ್ತೇನೆ ಅಂದರೆ ಕಾಯುತ್ತಾ ಇರಬೇಕಾಗುತ್ತದೆ. ಯಾವ ಗೊಬ್ಬರವೂ ಬಿಸಿಲಿನ ಕೊರತೆ ತುಂಬುವುದಿಲ್ಲ.

ಕುಂಡ, ಮಣ್ಣು ಮತ್ತು ತಳದ ಜಲ್ಲಿ

ಅಂಗಳದ ಮಣ್ಣನ್ನೇ ಅಗೆದು ಕುಂಡಕ್ಕೆ ತುಂಬಿದರೆ ಎರಡು ತಿಂಗಳಲ್ಲಿ ಅದು ಇಟ್ಟಿಗೆಯಾಗುತ್ತದೆ. ನೆಲದಲ್ಲಿ ಎರೆಹುಳು, ಬೇರು, ಹುಳಹುಪ್ಪಟೆ ಸೇರಿ ಮಣ್ಣು ಸಡಿಲ ಮಾಡುತ್ತಿರುತ್ತವೆ. ಕುಂಡದಲ್ಲಿ ಆ ಕೆಲಸಗಾರರು ಇಲ್ಲ. ನಾನು ಹಾಕುವ ಅಳತೆ ಸುಲಭ: ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ. ಮೇಲೊಂದೆರಡು ಬೊಗಸೆ ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು). ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ಮರಳು ಜಾಸ್ತಿಯಾಗಿದೆ, ಉದುರದೆ ಜಿಗುಟಾಗಿ ನಿಂತರೆ ಜೇಡಿ ಜಾಸ್ತಿ ಇದೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರ ಬೇರನ್ನು ಸುಡುತ್ತದೆ.

ಈಗ ಜಲ್ಲಿಯ ವಿಷಯ. ‘ನೀರು ಬಸಿಯಲು ತಳಕ್ಕೆ ಜಲ್ಲಿಕಲ್ಲು ಹಾಕಿ’ ಅಂತ ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಾಕಿದ್ದೆ. ಅದರಿಂದ ಆಗುವುದು ಉಲ್ಟಾ. ನುಣುಪಾದ ಮಣ್ಣಿನಲ್ಲಿರುವ ನೀರು ಕೆಳಗಿನ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವವರೆಗೆ ಅಲ್ಲೇ ನಿಲ್ಲುತ್ತದೆ. ಪಾತ್ರೆ ತೊಳೆದ ಸ್ಪಂಜನ್ನು ಕೈಯಲ್ಲಿ ಹಿಡಿದು ನೋಡಿ, ಮೇಲ್ಭಾಗದ ನೀರು ಇಳಿದುಹೋದರೂ ಕೆಳ ಅಂಚಿನಲ್ಲಿ ಒಂದು ಪದರ ಒದ್ದೆ ಉಳಿದೇ ಇರುತ್ತದೆ. ಕುಂಡದಲ್ಲೂ ಹೀಗೇ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತಳದ ತೂತಿನ ಮೇಲೆ ಒಂದು ಚೂರು ಬಲೆಯನ್ನೋ ಒಡೆದ ಹೆಂಚಿನ ತುಂಡನ್ನೋ ಇಡಿ, ಮಣ್ಣು ಸೋರದಿದ್ದರೆ ಸಾಕು. ತೂತೇ ಇಲ್ಲದ ಚೆಂದದ ಕುಂಡ ಸಿಕ್ಕರೆ ಅದರಲ್ಲಿ ಪೆನ್ನು ಹಾಕಿಡಿ.

ಕುಂಡದ ಅಗಲ ಚೆಂಡುಹೂ, ಝಿನ್ನಿಯಾ, ಕರ್ಣಕುಂಡಲಕ್ಕೆ 8ರಿಂದ 10 ಇಂಚು, ಗುಲಾಬಿ ಮತ್ತು ಮಲ್ಲಿಗೆಗೆ 12ರಿಂದ 14, ದಾಸವಾಳಕ್ಕೆ ಇನ್ನೂ ದೊಡ್ಡದು. ಬೋಗನ್‌ವಿಲ್ಲಾಗೆ ಮಾತ್ರ ಕುಂಡ ಸ್ವಲ್ಪ ಬಿಗಿಯಾಗಿದ್ದರೇ ಒಳ್ಳೆಯದು.

ಬೀಜದಿಂದ ಶುರು ಮಾಡುವುದಾದರೆ

ಹೊಸಬರಿಗೆ ಚೆಂಡುಹೂವಿಗಿಂತ ಒಳ್ಳೆ ಗುರು ಇಲ್ಲ. ಒಣಗಿದ ಹೂವೊಂದನ್ನು ಬುಡದಲ್ಲಿ ಹಿಡಿದು ದಳಗಳನ್ನು ಎಳೆಯಿರಿ. ಸೂಜಿಯಂಥ ಬೀಜಗಳ ಕಟ್ಟು ಹೊರಗೆ ಬರುತ್ತದೆ, ಅರ್ಧ ಕಪ್ಪು, ಅರ್ಧ ತಿಳಿ ಒಣಹುಲ್ಲಿನ ಬಣ್ಣ. ಕಪ್ಪು ಭಾಗವೇ ಬೀಜ. ಕಪ್ಪು ತುದಿ ಗಟ್ಟಿಯಾಗಿದ್ದು ಬಾಗದೆ ಇದ್ದರೆ ಮೊಳಕೆ ಬರುತ್ತದೆ. ಮೆತ್ತಗೆ ಬೆಳ್ಳಗೆ ಇದ್ದರೆ ಜೊಳ್ಳು. ಮಣ್ಣಿನ ಮೇಲೆ ಅಡ್ಡಡ್ಡಲಾಗಿ ಮಲಗಿಸಿ, ಅರ್ಧ ಸೆಂಟಿಮೀಟರ್‌ನಷ್ಟು ಮಣ್ಣು ಉದುರಿಸಿ, ನೀರು ಚಿಮುಕಿಸಿ. ಹವೆ ಬೆಚ್ಚಗಿದ್ದರೆ ನಾಲ್ಕರಿಂದ ಏಳು ದಿನಕ್ಕೆ ಮೊಳಕೆ ಕಾಣುತ್ತದೆ. ಗಿಡ್ಡ ಜಾತಿಯದು ಎರಡು ತಿಂಗಳೊಳಗೆ ಹೂ ಬಿಡುತ್ತದೆ, ಎತ್ತರದ ದೊಡ್ಡ ಚೆಂಡಿನದು ಇನ್ನಷ್ಟು ಸಮಯ ತೆಗೆದುಕೊಳ್ಳುತ್ತದೆ.

ಬೀಜದ ಆಳಕ್ಕೆ ಒಂದೇ ಲೆಕ್ಕ ಸಾಕು. ಬೀಜದ ದಪ್ಪ ಎಷ್ಟೋ ಅದರ ಎರಡರಷ್ಟು ಮಣ್ಣು ಮೇಲೆ. ಆದರೆ ಕೆಲವು ಬೀಜಗಳಿಗೆ ತಮ್ಮದೇ ಹಟ ಇರುತ್ತದೆ. ಪೆಟೂನಿಯಾ ಬೀಜ ದೂಳಿನಂತೆ ಸಣ್ಣ, ಒಂದು ಗ್ರಾಮಿನಲ್ಲಿ ಸುಮಾರು 10,000 ಇರುತ್ತವೆ, ಮೊಳಕೆಗೆ ಬೆಳಕು ಬೇಕು. ಒಣ ಮರಳಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ. ಟೇಬಲ್ ರೋಸ್ ಬೀಜವೂ ಹಾಗೇ. ನಿತ್ಯಪುಷ್ಪದ್ದು ಇದಕ್ಕೆ ವಿರುದ್ಧ, ಅದಕ್ಕೆ ಕತ್ತಲೆ ಬೇಕು, ಮಣ್ಣು ಮುಚ್ಚಿ ಮೇಲೆ ಒಂದು ರಟ್ಟು ಇಡಿ, ಮೊಳಕೆ ಕಂಡ ದಿನವೇ ರಟ್ಟು ತೆಗೆಯಿರಿ. ಶಂಖಪುಷ್ಪದ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಉಗುರು ಕತ್ತರಿಸುವ ಕಟರ್‌ನಿಂದ ಒಂದು ಬದಿ ಸ್ವಲ್ಪ ಕೆರೆದು, ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿ, ಉಬ್ಬದವನ್ನು ಇನ್ನೊಮ್ಮೆ ಕೆರೆದು ನೆನೆಸಿ.

ಝಿನ್ನಿಯಾ, ಸೂರ್ಯಕಾಂತಿ, ಶಂಖಪುಷ್ಪ ಇವನ್ನೆಲ್ಲ ಇರಬೇಕಾದ ಜಾಗದಲ್ಲೇ ಬಿತ್ತಿ. ಬೇರು ಅಲ್ಲಾಡಿದರೆ ಇವಕ್ಕೆ ಆಗುವುದಿಲ್ಲ.

ಮೊಳಕೆ ಬಂದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಿನ್ನೆ ನೆಟ್ಟಗಿದ್ದ ಸಸಿಗಳು ಸಾಲಾಗಿ ಮಲಗಿರುತ್ತವೆ. ಬುಡದಲ್ಲಿ, ಮಣ್ಣಿಗೆ ತಾಗುವ ಜಾಗದಲ್ಲಿ, ಕಾಂಡ ದಾರದಂತೆ ಸಣ್ಣಗಾಗಿ ಕೊಳೆತಿರುತ್ತದೆ. ಇದು ಬೂಷ್ಟಿನ ಕೆಲಸ, ಮಲಗಿದ ಸಸಿ ಮತ್ತೆ ಏಳುವುದಿಲ್ಲ. ಒತ್ತೊತ್ತಾಗಿ ಬಿತ್ತಿದ್ದು, ಸದಾ ಒದ್ದೆ ಇಟ್ಟಿದ್ದು, ಗಾಳಿಯಾಡದೆ ಮುಚ್ಚಿಟ್ಟಿದ್ದು, ಈ ಮೂರು ಸೇರಿದಾಗ ಹೀಗಾಗುತ್ತದೆ. ಹಾಗಾಗಿ ಎರಡು ಜೊತೆ ಎಲೆ ಬರುವಷ್ಟರಲ್ಲಿ ಸಸಿ ವಿರಳ ಮಾಡಲೇಬೇಕು. ಬದುಕಿರುವ ಸಸಿಯನ್ನು ಕಿತ್ತು ಬಿಸಾಡುವುದಾ ಅಂತ ಮನಸ್ಸಿಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ಕಿತ್ತರೆ ಪಕ್ಕದ ಬೇರೂ ಅಲ್ಲಾಡುತ್ತದೆ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.

ನೀರು ಹಾಕುವ ಚಟ

ಕುಂಡದ ಗಿಡಗಳು ಒಣಗಿ ಸತ್ತಿದ್ದಕ್ಕಿಂತ ನೀರು ಜಾಸ್ತಿಯಾಗಿ ಸತ್ತಿದ್ದೇ ನಾನು ಹೆಚ್ಚು ನೋಡಿದ್ದೇನೆ. ತಮಾಷೆ ಏನೆಂದರೆ ಎರಡರಲ್ಲೂ ಲಕ್ಷಣ ಒಂದೇ, ಎಲೆ ಬಾಡುತ್ತದೆ. ಬೇರು ಕೊಳೆತರೆ ಅದು ನೀರು ಎಳೆಯಲಾರದು. ಗಿಡ ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ಹಾಕಿ, ತಂಪಾಗಿದ್ದರೆ ನಾಳೆ ನೋಡಿ. ಹಾಕುವಾಗ ತಳದ ತೂತಿನಿಂದ ಹೊರಬರುವವರೆಗೆ ಹಾಕಿ, ಆಮೇಲೆ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಕೆಟ್ಟ ಅಭ್ಯಾಸ, ಬೇರುಗಳೆಲ್ಲ ಮೇಲ್ಪದರದಲ್ಲೇ ಉಳಿದು ಒಂದು ದಿನದ ಬಿಸಿಲಿಗೆ ಬೇಯುತ್ತವೆ.

ಬಾಹ್ಯಾಕಾಶದಲ್ಲೂ ಇದೇ ಕತೆ ನಡೆದಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಝಿನ್ನಿಯಾ ಬೆಳೆಸುವಾಗ 2015ರ ಕೊನೆಯಲ್ಲಿ ತೇವ ಜಾಸ್ತಿಯಾಗಿ ಎಲೆಗಳ ಮೇಲೆ ಬೂಷ್ಟು ಹಿಡಿಯಿತು. ಆಗ ಗಗನಯಾತ್ರಿ ಸ್ಕಾಟ್ ಕೆಲ್ಲಿ, ಭೂಮಿಯಿಂದ ಬರುವ ವೇಳಾಪಟ್ಟಿ ಬಿಟ್ಟು ಗಿಡ ನೋಡಿ ನಾನೇ ನೀರು ಹಾಕುತ್ತೇನೆ ಅಂದರು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಝಿನ್ನಿಯಾ ಅಲ್ಲಿ ಅರಳಿತು. ಮೊಬೈಲಲ್ಲಿ ಅಲಾರಂ ಇಟ್ಟುಕೊಂಡು ನೀರು ಹಾಕುವವರು ಇದನ್ನು ಇನ್ನೊಮ್ಮೆ ಓದಿ.

ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಗುಲಾಬಿಗೆ ಇದು ಇನ್ನೂ ಮುಖ್ಯ. ಎಲೆ ಮೇಲೆ ನೀರು ಏಳೆಂಟು ಗಂಟೆ ನಿಂತರೆ ಕಪ್ಪುಚುಕ್ಕೆ ರೋಗದ ಬೂಷ್ಟಿಗೆ ಬೇರೂರಲು ಅಷ್ಟೇ ಸಾಕು. ಸಂಜೆ ಪೈಪು ಹಿಡಿದು ಗಿಡಕ್ಕೆ ಸ್ನಾನ ಮಾಡಿಸಿದರೆ ರಾತ್ರಿಯಿಡೀ ಒದ್ದೆ ಇರುತ್ತದಲ್ಲ, ಅದೇ ತೊಂದರೆ.

ಕಡ್ಡಿ, ಬಳ್ಳಿ, ಗೆಡ್ಡೆ

ಗುಲಾಬಿ, ದಾಸವಾಳ, ಬೋಗನ್‌ವಿಲ್ಲಾ ಇವಕ್ಕೆ ಕಡ್ಡಿಯೇ ದಾರಿ. ಪೆನ್ಸಿಲ್ ದಪ್ಪದ, 15ರಿಂದ 20 ಸೆಂಟಿಮೀಟರ್ ಉದ್ದದ ಕಡ್ಡಿ, ಅದರಲ್ಲಿ ಮೂರ್ನಾಲ್ಕು ಗೆಣ್ಣು ಇರಬೇಕು. ಕೆಳಗಿನ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನದನ್ನು ನೇರವಾಗಿ. ಯಾವುದು ಮೇಲೆ ಯಾವುದು ಕೆಳಗೆ ಅಂತ ಮರೆಯದಿರಲು ಇದು ಸುಲಭ ಗುರುತು, ಏಕೆಂದರೆ ತಲೆಕೆಳಗಾಗಿ ನೆಟ್ಟ ಕಡ್ಡಿ ಬೇರು ಬಿಡುವುದು ಕಷ್ಟ. ಮೇಲಿನ ಒಂದೆರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಬೇರು ಬರಿಸುವ ಪುಡಿ (ರೂಟಿಂಗ್ ಹಾರ್ಮೋನ್) ಇದ್ದರೆ ಕೆಳಗಿನ ತುದಿಗೆ ಹಚ್ಚಿ, ಇಲ್ಲದಿದ್ದರೂ ಬರುತ್ತದೆ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ನೆರಳಲ್ಲಿಟ್ಟು, ಮೇಲೆ ಪಾರದರ್ಶಕ ಬಾಟಲಿಯ ಅರ್ಧ ಕತ್ತರಿಸಿ ಕವುಚಿ.

ಇನ್ನು ಕಾಯಬೇಕು. ಎರಡು ವಾರಕ್ಕೆ ಕಡ್ಡಿಯಿಂದ ಚಿಗುರು ಬರುತ್ತದೆ, ನೀವು ಕುಣಿದಾಡುತ್ತೀರಿ. ಬೇಡ. ಆ ಚಿಗುರು ಕಡ್ಡಿಯಲ್ಲಿ ಉಳಿದಿದ್ದ ಸತ್ವದಿಂದ ಬಂದದ್ದು, ಬೇರು ಇನ್ನೂ ಬಂದಿರಲಿಕ್ಕಿಲ್ಲ. ಆಗ ಬಿಸಿಲಿಗೆ ಇಟ್ಟರೆ ಅಥವಾ ಬೇರು ಬಂತಾ ಅಂತ ಎಳೆದು ನೋಡಿದರೆ ಕಡ್ಡಿ ಕಪ್ಪಾಗುತ್ತದೆ. ಆರರಿಂದ ಎಂಟು ವಾರ ಮುಟ್ಟಬೇಡಿ. ನಾನು ಹತ್ತು ಕಡ್ಡಿ ನೆಟ್ಟರೆ ಮೂರೋ ನಾಲ್ಕೋ ಉಳಿಯುತ್ತವೆ, ಅದಕ್ಕೇ ಒಂದು ಗಿಡ ಬೇಕಿದ್ದರೆ ನಾಲ್ಕು ಕಡ್ಡಿ ನೆಡುತ್ತೇನೆ.

ಮಲ್ಲಿಗೆ ಬಳ್ಳಿಗೆ ಇನ್ನೂ ಸುಲಭದ ಉಪಾಯ ಇದೆ. ಉದ್ದನೆಯ ಒಂದು ಬಳ್ಳಿಯನ್ನು ಬಗ್ಗಿಸಿ, ಒಂದು ಗೆಣ್ಣಿನ ಕೆಳಗೆ ಸಿಪ್ಪೆ ಸ್ವಲ್ಪ ಕೆರೆದು, ಆ ಗೆಣ್ಣನ್ನು ಪಕ್ಕದ ಕುಂಡದ ಮಣ್ಣಿಗೆ ಒತ್ತಿ, ಮೇಲೊಂದು ಕಲ್ಲು ಇಟ್ಟುಬಿಡಿ. ತಾಯಿಯ ಊಟ ನಿಂತಿಲ್ಲವಲ್ಲ, ಎರಡು ಮೂರು ತಿಂಗಳಲ್ಲಿ ನಿಧಾನಕ್ಕೆ ಬೇರು ಬಿಡುತ್ತದೆ. ಆಮೇಲೆ ತಾಯಿ ಕಡೆಯಿಂದ ಕತ್ತರಿಸಿದರೆ ಹೊಸ ಗಿಡ. ಟೇಬಲ್ ರೋಸ್‌ಗಂತೂ ಏನೂ ಬೇಡ, ಒಂದು ತುಂಡು ಮುರಿದು ಮಣ್ಣಿಗೆ ಚುಚ್ಚಿ.

ಸುಗಂಧರಾಜದ ಗೆಡ್ಡೆಯನ್ನು 5ರಿಂದ 7 ಸೆಂಟಿಮೀಟರ್ ಆಳದಲ್ಲಿ, ಮೊನೆ ಮೇಲಕ್ಕೆ ಬರುವಂತೆ ಹೂಳಿ. ಮೂರ್ನಾಲ್ಕು ತಿಂಗಳಿಗೆ ಹೂಕಡ್ಡಿ ಬರುತ್ತದೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಅದರ ಸುತ್ತ ಹುಟ್ಟಿದ ಮರಿಗಳು ದೊಡ್ಡವಾಗಿ ಬಿಡುತ್ತವೆ. ಡೇಲಿಯಾ ಗೆಡ್ಡೆ ಕೊಳ್ಳುವಾಗ ಗಾತ್ರ ನೋಡಬೇಡಿ, ಕಾಂಡಕ್ಕೆ ಸೇರುವ ಕುತ್ತಿಗೆಯಲ್ಲಿ ‘ಕಣ್ಣು’, ಅಂದರೆ ಚಿಗುರು ಒಡೆಯುವ ಸಣ್ಣ ಉಬ್ಬು, ಇದೆಯಾ ನೋಡಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನವಿಲ್ಲ. ನೆಟ್ಟ ಮೇಲೆ ಚಿಗುರು ಮೇಲೆ ಕಾಣುವವರೆಗೂ ನೀರು ಹಾಕಬೇಡಿ, ಕೊಳೆಯುತ್ತದೆ.

ಕತ್ತರಿ ಹಿಡಿಯಲು ಹೆದರಬೇಡಿ

ಚೆಂಡುಹೂ, ಸೇವಂತಿಗೆ, ಝಿನ್ನಿಯಾ ಸಸಿಗೆ ನಾಲ್ಕು ಜೊತೆ ಎಲೆ ಬಂದಾಗ ನಡುವಿನ ತುದಿಯನ್ನು ಉಗುರಲ್ಲಿ ಚಿವುಟಿ. ತುದಿಯ ಮೊಗ್ಗು ಇರುವವರೆಗೆ ಅದು ಕೆಳಗಿನ ಕಣ್ಣುಗಳನ್ನು ತಡೆಹಿಡಿದಿರುತ್ತದೆ. ಅದು ಹೋದ ಒಂದು ವಾರದಲ್ಲಿ ಪ್ರತಿ ಎಲೆಯ ಸಂದಿಯಿಂದ ಒಂದೊಂದು ರೆಂಬೆ ಹೊರಡುತ್ತದೆ. ಒಂದು ತಲೆ ಹೋಗಿ ಆರು ಬರುತ್ತವೆ, ಪ್ರತಿ ರೆಂಬೆ ತುದಿಗೂ ಹೂ. ಮೊದಲ ಹೂ ಎರಡು ವಾರ ತಡವಾಗುತ್ತದೆ ಅಷ್ಟೇ. ಸೇವಂತಿಗೆಯನ್ನು ಎರಡು ಮೂರು ಸಲ ಚಿವುಟಬಹುದು. ಒಂಟಿ ಕಾಂಡದಲ್ಲಿ ಒಂದೇ ಹೂ ಬಿಡುವ ಸೂರ್ಯಕಾಂತಿಯನ್ನು ಮಾತ್ರ ಚಿವುಟಬೇಡಿ, ಹೂವೇ ಹೋಗುತ್ತದೆ.

ಬಾಡಿದ ಹೂ ಗಿಡದಲ್ಲಿ ಬಿಡಬೇಡಿ. ಗಿಡಕ್ಕೆ ಬೇಕಿರುವುದು ಬೀಜ. ಬೀಜ ಕಟ್ಟಿತು ಅಂದರೆ ಅದರ ಕೆಲಸ ಮುಗಿಯಿತು, ಇನ್ನು ಹೂ ಯಾಕೆ ಬಿಡಬೇಕು? ಬಾಡಿದ ಹೂವನ್ನು ತೊಟ್ಟಿನ ಸಮೇತ ಕೆಳಗಿನ ಎಲೆಯವರೆಗೆ ಕತ್ತರಿಸಿದರೆ ಗಿಡ ಮತ್ತೆ ಮೊಗ್ಗು ಹಾಕುತ್ತದೆ. ಬರೀ ದಳ ಕಿತ್ತರೆ ಬೀಜದ ಬುಟ್ಟಿ ಅಲ್ಲೇ ಉಳಿಯುತ್ತದೆ, ಮಾಡಿದ್ದು ವ್ಯರ್ಥ.

ಗುಲಾಬಿ, ಮಲ್ಲಿಗೆ, ದಾಸವಾಳ ಈ ಮೂರೂ ಹೊಸ ಚಿಗುರಿನ ಮೇಲೆ ಹೂ ಬಿಡುತ್ತವೆ, ಹಳೆಯ ಕಟ್ಟಿಗೆಯ ಮೇಲಲ್ಲ. ಅದಕ್ಕೇ ಇವನ್ನು ವರ್ಷಕ್ಕೊಮ್ಮೆ ಧೈರ್ಯವಾಗಿ ಸವರಬೇಕು. ಗುಲಾಬಿಯಲ್ಲಿ ಹೊರಮುಖವಾಗಿರುವ ಕಣ್ಣು ಹುಡುಕಿ. ಎಲೆ ಬಿದ್ದ ಗುರುತಿನ ಮೇಲೆ ಸಣ್ಣ ಕೆಂಪು ಉಬ್ಬು ಇರುತ್ತದೆ, ಅದೇ ಕಣ್ಣು. ಅದರಿಂದ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಿ, ಓರೆಯ ತಗ್ಗು ಕಣ್ಣಿನ ಆಚೆ ಬದಿಗೆ ಇರಲಿ, ನೀರು ಕಣ್ಣಿನ ಮೇಲೆ ಇಳಿಯಬಾರದು. ಹೊಸ ರೆಂಬೆ ಹೊರಕ್ಕೆ ಹೋಗುತ್ತದೆ, ಗಿಡದ ನಡುವೆ ಗಾಳಿಯಾಡುತ್ತದೆ. ಸತ್ತದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು ಎಲ್ಲ ತೆಗೆಯಿರಿ. ಮೊದಲ ಸಲ ಸವರಿದಾಗ ಕೊಂದೇಬಿಟ್ಟೆ ಅನಿಸಿತ್ತು. ಸುಮಾರು ಆರು ವಾರಕ್ಕೆ ಮೊಗ್ಗು ಕಾಣಿಸಿಕೊಂಡಿತು.

ಕಸಿ ಗುಲಾಬಿಯಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಕಸಿ ಗಂಟಿನ ಕೆಳಗಿನಿಂದ ಜೋರಾಗಿ ಒಂದು ರೆಂಬೆ ಹೊರಡುತ್ತದೆ, ಎಷ್ಟು ಆರೋಗ್ಯವಾಗಿದೆ ಅಂತ ನಾವು ಬಿಡುತ್ತೇವೆ. ಅದು ಕೆಳಗಿನ ಕಾಡು ಗುಲಾಬಿಯ ರೆಂಬೆ. ಬಿಟ್ಟರೆ ಒಂದೆರಡು ವರ್ಷದಲ್ಲಿ ಮೇಲಿನ ಒಳ್ಳೆ ಜಾತಿಯನ್ನು ತಿಂದುಹಾಕುತ್ತದೆ. ಎಲೆಯಲ್ಲಿ ಐದು ದಳ ಇದ್ದರೆ ಒಳ್ಳೆಯದು, ಏಳಿದ್ದರೆ ಕಾಡು ಅನ್ನುವ ಲೆಕ್ಕ ನಂಬಬೇಡಿ, ಎಷ್ಟೋ ಒಳ್ಳೆ ಜಾತಿಗೂ ಏಳಿರುತ್ತವೆ. ರೆಂಬೆ ಗಂಟಿನ ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ನೋಡಿ. ಕೆಳಗಿಂದ ಬಂದಿದ್ದರೆ ಬುಡಸಮೇತ ಕಿತ್ತುಬಿಡಿ.

ಸೇವಂತಿಗೆಗೆ ರಾತ್ರಿ ಬೇಕು

ನನ್ನ ಬಳಿ ಎರಡು ಸೇವಂತಿಗೆ ಕುಂಡ ಇದ್ದವು, ಒಂದೇ ತಾಯಿಯ ಮರಿಗಳು. ಒಂದು ಹಿತ್ತಿಲಲ್ಲಿ, ಒಂದು ಮುಂಬಾಗಿಲಲ್ಲಿ. ಮಣ್ಣು ಒಂದೇ, ನೀರು ಒಂದೇ. ಹಿತ್ತಿಲಿನದು ತುಂಬಿ ಅರಳಿತು. ಬಾಗಿಲಿನದು ಒಂದು ಮೊಗ್ಗೂ ಇಲ್ಲದೆ ಹಸಿರಾಗಿ ನಿಂತಿತ್ತು. ಗೊಬ್ಬರ ಬದಲಾಯಿಸಿದೆ, ಕುಂಡ ಬದಲಾಯಿಸಿದೆ. ಕೊನೆಗೆ ಒಂದು ರಾತ್ರಿ ಬಾಗಿಲು ತೆಗೆದಾಗ ಕಣ್ಣಿಗೆ ಬಿತ್ತು: ಗಿಡದ ನೆತ್ತಿಯ ಮೇಲೆಯೇ ಬಾಗಿಲ ದೀಪ, ರಾತ್ರಿಯಿಡೀ ಉರಿಯುತ್ತಿತ್ತು.

ಸೇವಂತಿಗೆ ಮೊಗ್ಗು ಹಾಕುವುದು ರಾತ್ರಿ ಉದ್ದವಾದಾಗ. ಹಗಲು ರಾತ್ರಿಗಳ ಉದ್ದ ನೋಡಿ ಗಿಡಗಳು ಹೂವಿನ ಸಮಯ ನಿರ್ಧರಿಸುತ್ತವೆ ಅಂತ 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ತೋರಿಸಿದರು. ಅವರಿಗೆ ಸುಳಿವು ಕೊಟ್ಟದ್ದು ಹೂ ಬಿಡದೆ ಬೆಳೆಯುತ್ತಲೇ ಹೋಗುತ್ತಿದ್ದ ಒಂದು ತಂಬಾಕಿನ ತಳಿ. ಎಷ್ಟು ಹೊತ್ತು ಕತ್ತಲು ಮುರಿಯದೆ ಇರುತ್ತದೆ ಅನ್ನುವುದೇ ಇಲ್ಲಿ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿದರೂ ಗಿಡ ಒಂದು ಉದ್ದ ರಾತ್ರಿಯನ್ನು ಎರಡು ಚಿಕ್ಕ ರಾತ್ರಿ ಅಂತ ಲೆಕ್ಕ ಹಾಕುತ್ತದೆ. ಹೂ ಬೆಳೆಗಾರರು ಹೂವನ್ನು ಮುಂದೂಡಲು ಬೇಕಂತಲೇ ಹೀಗೆ ದೀಪ ಹಾಕುತ್ತಾರೆ, ನಾನು ಗೊತ್ತಿಲ್ಲದೆ ಹಾಕಿದ್ದೆ.

ಹಾಗಾಗಿ ಸೇವಂತಿಗೆಯನ್ನು ಬೀದಿದೀಪ, ಬಾಗಿಲ ದೀಪ ತಾಗದ ಕಡೆ ಇಡಿ. ಬೇರೆ ಜಾಗವೇ ಇಲ್ಲದಿದ್ದರೆ ಸಂಜೆ ಆರಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ, ಮೊಗ್ಗಿನ ಬಣ್ಣ ಕಾಣುವವರೆಗೆ ದಿನವೂ. ಎರಡು ತಿಂಗಳು, ಕೆಲವು ತಳಿಗೆ ಇನ್ನೂ ಸ್ವಲ್ಪ ಜಾಸ್ತಿ, ಹಿಡಿಯುತ್ತದೆ. ನಾನು ಸುಮ್ನೆ ಬಲ್ಬ್ ತೆಗೆದೆ.

ಗೊಬ್ಬರ, ಕೊನೆಗೆ

ಸಾರಜನಕ ಎಲೆಗೆ, ರಂಜಕ ಮತ್ತು ಪೊಟ್ಯಾಶ್ ಬೇರಿಗೆ, ಹೂವಿಗೆ ಅನ್ನುವುದು ಒರಟು ಲೆಕ್ಕ, ಆದರೆ ಮನೆಗೆ ಸಾಕು. ಎಳೆ ಗಿಡಕ್ಕೆ ಸಾರಜನಕ ಬೇಕು. ಮೊಗ್ಗಿನ ಹೊತ್ತಿಗೆ ಅದನ್ನು ಕಮ್ಮಿ ಮಾಡಿ. ನನ್ನ ಸೊಂಟದೆತ್ತರದ ಚೆಂಡುಹೂವಿಗೆ ಆಗಿದ್ದು ಇದೇ ತಪ್ಪು. ಕುಂಡದ ಹೂಗಿಡಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಒಂದೆರಡು ಹಿಡಿ ಎರೆಗೊಬ್ಬರ ಹಾಕಿದರೆ ಆಯಿತು. ಶಂಖಪುಷ್ಪ ಬೇಳೆಕಾಳಿನ ಕುಟುಂಬದ್ದು, ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಹಿಡಿದುಕೊಳ್ಳುತ್ತದೆ, ಅದಕ್ಕೆ ಕೊಡಲು ಹೋಗಬೇಡಿ. ಬೋಗನ್‌ವಿಲ್ಲಾವನ್ನು ಸ್ವಲ್ಪ ಬಾಯಾರಿಸಿದರೆ ಬಣ್ಣ ಜಾಸ್ತಿ ಬರುತ್ತದೆ. ಅಂದಹಾಗೆ ಅದರ ಬಣ್ಣದ ‘ದಳ’ಗಳು ಎಲೆಗಳೇ, ಒಳಗೆ ಸಣ್ಣ ಬಿಳಿ ಕೊಳವೆಯಂತೆ ಇರುವುದು ನಿಜವಾದ ಹೂ.

ಮೊಟ್ಟೆ ಚಿಪ್ಪು ಕರಗಲು ವರ್ಷಗಳೇ ಬೇಕು, ಬಾಳೆ ಸಿಪ್ಪೆಯನ್ನು ಹಾಗೇ ಕುಂಡಕ್ಕೆ ಹೂತರೆ ನೊಣ ಬರುತ್ತದೆ. ಎರಡನ್ನೂ ಕಾಂಪೋಸ್ಟಿಗೆ ಹಾಕಿ. ಎಪ್ಸಂ ಉಪ್ಪು ಮಣ್ಣಲ್ಲಿ ಮೆಗ್ನೀಷಿಯಂ ಕಮ್ಮಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ, ಹೂ ಬಿಡಿಸುವ ಮಂತ್ರವೇನಲ್ಲ.

ಹುಳ ಬಂದಾಗ

ದಾಸವಾಳದ ತುದಿಯಲ್ಲಿ ಹತ್ತಿಯಂಥ ಬಿಳಿ ಗುಪ್ಪೆ ಕಂಡರೆ ಹಿಟ್ಟು ತಿಗಣೆ. ಗುಲಾಬಿ ಚಿಗುರಲ್ಲಿ ಹಸಿರು ಚುಕ್ಕೆಗಳ ಗುಂಪು ಕಂಡರೆ ಸಸ್ಯಹೇನು. ಮೊದಲು ನೀರಿನ ರಭಸಕ್ಕೆ ಉದುರಿಸಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ. ಆಮೇಲೂ ಇದ್ದರೆ ಒಂದು ಲೀಟರ್ ಬೆಚ್ಚನೆ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಹಾಕಿ ಕುಲುಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ. ಹಿಂದಿನ ದಿನ ಒಂದೆರಡು ಎಲೆಗೆ ಹಾಕಿ ಪರೀಕ್ಷಿಸಿ. ವಾರಕ್ಕೊಮ್ಮೆ, ಮೂರು ವಾರ. ಅರಳಿದ ಹೂವಿನ ಮೇಲೆ ಬೀಳದಿರಲಿ, ಜೇನ್ನೊಣ ಬರುತ್ತವೆ.

ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಹಿಂದೆಯೇ ಹೋಗಿ ನೋಡಿ. ಹೇನು ಮತ್ತು ಹಿಟ್ಟು ತಿಗಣೆ ಹೊರಹಾಕುವ ಸಿಹಿ ದ್ರವಕ್ಕಾಗಿ ಇರುವೆಗಳು ಅವನ್ನು ಸಾಕುತ್ತವೆ, ಶತ್ರುಗಳಿಂದ ಕಾಯುತ್ತವೆ. ಇರುವೆ ತಡೆಯದೆ ಹಿಟ್ಟು ತಿಗಣೆ ಹೋಗುವುದಿಲ್ಲ. ಗುಲಗಂಜಿ ಹುಳ ಅಂತ ಕೆಲವರು ಕರೆಯುವ ಕೆಂಪು ಮೈ ಕಪ್ಪು ಚುಕ್ಕೆಯ ದುಂಡು ಹುಳ ಕಂಡರೆ ಬಿಟ್ಟುಬಿಡಿ, ಅದು ಹೇನು ತಿನ್ನುತ್ತದೆ.

ಮಕ್ಕಳು, ಸಾಕುಪ್ರಾಣಿ ಇರುವ ಮನೆಯಾದರೆ ಕಣಗಿಲೆ ಮತ್ತು ದತ್ತೂರಿ ಜಾತಿಯವು ಬೇಡ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ, ಸವರಿದ ಕಡ್ಡಿ ಸುಟ್ಟರೆ ಹೊಗೆಯೂ ಕೆಟ್ಟದ್ದು. ನಿತ್ಯಪುಷ್ಪವನ್ನೂ ಬಾಯಿಗೆ ಹಾಕುವಂತಿಲ್ಲ. ಬೆಕ್ಕಿದ್ದರೆ ಲಿಲ್ಲಿ ತರಲೇಬೇಡಿ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ.

ಮುಂದಿನ ಸಲಕ್ಕೆ ಬೀಜ

ಹಂಗಾಮಿನ ಕೊನೆಯಲ್ಲಿ ಕತ್ತರಿ ಬಿಟ್ಟು ಒಂದೆರಡು ಒಳ್ಳೆ ಹೂ ಗಿಡದಲ್ಲೇ ಒಣಗಲಿ. ಕರ್ಣಕುಂಡಲದ ಕಾಯಿ ಹಣ್ಣಾದರೆ ಮುಟ್ಟಿದ ಕೂಡಲೇ ಸಿಡಿಯುತ್ತದೆ, ಅಂಗೈಯಲ್ಲಿ ಮುಚ್ಚಿ ಹಿಡಿದು ಒತ್ತಿ. ಒಳಗೆ ಸುರುಳಿಯಾಗುವ ಕಾಯಿಸಿಪ್ಪೆ ಹುಳುವಿನಂತೆ ಕಚಗುಳಿ ಇಡುತ್ತದೆ. ಕನಕಾಂಬರದ ತೆನೆ ಒಣಗಿದ್ದಾಗ ಸುಮ್ಮನಿರುತ್ತದೆ, ನೀರು ತಾಗಿದರೆ ಪಟಪಟ ಸಿಡಿದು ಬೀಜ ದೂರ ಹಾರುತ್ತದೆ. ತೆನೆಯನ್ನು ಕಾಗದದ ಚೀಲದೊಳಗೆ ಹಾಕಿ, ಎರಡು ಹನಿ ನೀರು ಬಿಟ್ಟು ಬಾಯಿ ಮುಚ್ಚಿದರೆ ಬೀಜವೆಲ್ಲ ಚೀಲದಲ್ಲೇ ಸಿಗುತ್ತದೆ, ಆಮೇಲೆ ಒಣಗಿಸಿ.

ಪೊಟ್ಟಣದ ಮೇಲೆ ‘ಎಫ್1 ಹೈಬ್ರಿಡ್’ (ಎರಡು ತಳಿ ಬೆರೆಸಿ ಪಡೆದ ಮೊದಲ ತಲೆಮಾರು) ಅಂತ ಇದ್ದ ಗಿಡದ ಬೀಜ ಹಿಡಿದರೆ ತಾಯಿಯಂಥ ಹೂ ಬರುವ ಭರವಸೆ ಇಲ್ಲ, ಕೆಲವು ಚೆಂಡುಹೂ ಹೈಬ್ರಿಡ್‌ಗಳು ಬೀಜವನ್ನೇ ಕಟ್ಟುವುದಿಲ್ಲ. ಉಳಿದವನ್ನು ನೆರಳಲ್ಲಿ ಒಂದು ವಾರ ಒಣಗಿಸಿ, ಪ್ಲಾಸ್ಟಿಕ್ಕಿಗೆ ಹಾಕದೆ ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಂಪಾದ ಒಣ ಜಾಗದಲ್ಲಿಡಿ. ಮೇಲೆ ಹೆಸರು, ಬಣ್ಣ, ತಿಂಗಳು ಈಗಲೇ ಬರೆಯಿರಿ. ನನ್ನ ಡಬ್ಬಿಯಲ್ಲಿ ಈಗಲೂ ‘ಹಳದಿ?’ ಅಂತ ಬರೆದ ಆರು ಪೊಟ್ಟಣ ಇವೆ.